ನಾಟಕ ನಿರ್ಮಾಪಕರಾಗಲು ಸ್ನಾತಕೋತ್ತರ ಓದು: ಶಿರಸಿ, ಕಾರವಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಕಾಂ. ಮುಗಿಸಿ ಶಿರಸಿಯ ಹವ್ಯಾಸಿ ತಂಡವೊಂದರ ಲೆಕ್ಕ ಬರೆಯಲು ಕುಳಿತವನು ನಾನು. ಲೆಕ್ಕ ಬರೆಯುವವನೇ ಹಾಲ್ ಹಿಡಿಯಬೇಕಾಯಿತು, ಹಾಲ್ ಹಿಡಿದವನೇ ಲಾರಿ ಗೊತ್ತು ಮಾಡಬೇಕಾಯಿತು, ಕೊನೆಗೆ ಕರಪತ್ರದಲ್ಲಿ ‘ನಿರ್ಮಾಣ’ ಎಂಬ ಮಾತಿನ ಮುಂದೆ ನನ್ನ ಹೆಸರು ಬಂತು. ಈಗ ಹೊನ್ನಾವರ, ಯಲ್ಲಾಪುರ, ಅಂಕೋಲೆ ಕಡೆಯಿಂದ ಫೋನು ಬರುತ್ತದೆ. ಅರ್ಧ ಜನ ಪದವಿ ಮುಗಿಸಿದ ಹುಡುಗ ಹುಡುಗಿಯರು, ಉಳಿದರ್ಧ ಅವರ ಅಪ್ಪ ಅಮ್ಮ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು.

ನಿರ್ಮಾಪಕ ಎಂದರೆ ದುಡ್ಡು ಹಾಕುವವನು ತಾನೆ? ಅದಕ್ಕೆ ಓದು ಯಾಕೆ?

ಸಿನಿಮಾ ನೋಡಿ ಬಂದ ಕಲ್ಪನೆ ಇದು. ರಂಗಭೂಮಿಯಲ್ಲಿ ನಿರ್ಮಾಪಕ ಸ್ವಂತ ದುಡ್ಡು ಹಾಕುವುದು ಅಪರೂಪ. ಹಾಕಿದರೂ ಅದು ಅವನ ಕೆಲಸದ ಸಣ್ಣ ಭಾಗ. ಯಾವ ನಾಟಕ, ಯಾರು ನಿರ್ದೇಶಕ, ಎಷ್ಟು ದಿನ ತಾಲೀಮು, ಯಾವ ಊರಲ್ಲಿ ಯಾವ ತಿಂಗಳು ಪ್ರದರ್ಶನ, ಟಿಕೆಟ್ಟಿಗೆ ಎಷ್ಟು, ನಟರಿಗೆ ಎಷ್ಟು, ಮಳೆ ಬಂದರೆ ಏನು — ಇಷ್ಟಕ್ಕೂ ಕೊನೆಯ ಮಾತು ಅವನದು, ನಷ್ಟವಾದರೆ ಕೈ ತೋರಿಸುವುದೂ ಅವನ ಕಡೆಗೇ.

ಈ ಕೆಲಸ ನಮಗೆ ಹೊಸತಲ್ಲ, ಹೆಸರು ಮಾತ್ರ ಹೊಸತು. ಯಕ್ಷಗಾನ ಮೇಳದಲ್ಲಿ ‘ಯಜಮಾನರು’ ಎನ್ನುತ್ತೇವೆ, ಕಂಪನಿ ನಾಟಕದಲ್ಲಿ ‘ಮಾಲೀಕರು’. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆಗ ಪೇಟೆಯಲ್ಲಿ ತಗಡಿನ ಥಿಯೇಟರ್ ಹಾಕುವ ಕಂಪನಿಗಳನ್ನು ನೋಡಿ. ಜಾಗದ ಬಾಡಿಗೆ, ಕರೆಂಟು, ಊಟ, ಹಾಸ್ಯನಟನ ಮುನಿಸು, ಒಂದೇ ದಿನ ಎರಡು ಮೂರು ಆಟ, ಆಯಾ ದಿನದ ಕಲೆಕ್ಷನ್ ನೋಡಿ ನಾಳೆಯ ನಾಟಕ ಬದಲಿಸುವುದು. ಅಷ್ಟನ್ನೂ ಒಬ್ಬರು ಗೇಟಿನ ಪಕ್ಕದ ಕುರ್ಚಿಯಲ್ಲಿ ಕುಳಿತೇ ನಡೆಸುತ್ತಾರೆ. ಆ ಕುರ್ಚಿಯ ಪಕ್ಕ ಒಂದು ವಾರ ನಿಲ್ಲಲು ಬಿಟ್ಟರೆ ಅರ್ಧ ಸೆಮಿಸ್ಟರ್ ಮುಗಿದಂತೆ.

ಹಾಗಾದರೆ ಮ್ಯಾನೇಜರ್‌ಗೂ ನಿರ್ಮಾಪಕನಿಗೂ ಏನು ವ್ಯತ್ಯಾಸ?

ಗೊತ್ತಾದ ಕೆಲಸವನ್ನು ಮ್ಯಾನೇಜರ್ ಸರಿಯಾಗಿ ನಡೆಸುತ್ತಾನೆ. ಆ ಕೆಲಸ ಆಗಬೇಕೋ ಬೇಡವೋ ಎಂದು ನಿರ್ಮಾಪಕ ತೀರ್ಮಾನಿಸುತ್ತಾನೆ. ಸಣ್ಣ ತಂಡದಲ್ಲಿ ಇಬ್ಬರೂ ಒಬ್ಬರೇ. ಟಿಕೆಟ್ ಹರಿಯುವವನೂ ಅವನೇ.

ಕರ್ನಾಟಕದಲ್ಲಿ ನಾಟಕ ನಿರ್ಮಾಣಕ್ಕೆಂದೇ ಎಂ.ಎ. ಇದೆಯೇ?

ನಟನೆ, ನಿರ್ದೇಶನ, ರಂಗ ವಿನ್ಯಾಸ ಕಲಿಸುವ ಕಡೆಗಳಿವೆ. ‘ನಿರ್ಮಾಣ’ ಎಂಬ ಹೆಸರು ಹೊತ್ತ ಪದವಿಗೆ ಕಾಯುತ್ತ ಕೂತರೆ ವಯಸ್ಸಾಗುತ್ತದೆ. ಇಲ್ಲಿಯ ದಾರಿ ಸ್ವಲ್ಪ ಸುತ್ತುಬಳಸು. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗದಲ್ಲಿ ನಾಟಕದ ಸ್ನಾತಕೋತ್ತರ ಪದವಿ ಇದೆ. ಹೊರಗೆ ಹೋಗುವುದಾದರೆ ಹೈದರಾಬಾದ್ ವಿಶ್ವವಿದ್ಯಾಲಯ, ಪಾಂಡಿಚೇರಿ ವಿಶ್ವವಿದ್ಯಾಲಯ, ಮುಂಬಯಿ ವಿಶ್ವವಿದ್ಯಾಲಯದ ಥಿಯೇಟರ್ ಅಕಾಡೆಮಿ, ತ್ರಿಶೂರಿನಲ್ಲಿರುವ ಕಲ್ಲಿಕೋಟೆ ವಿಶ್ವವಿದ್ಯಾಲಯದ ನಾಟಕ ಶಾಲೆ. ಇವೆಲ್ಲ ರಂಗಭೂಮಿಯನ್ನು ಇಡಿಯಾಗಿ ಕಲಿಸುತ್ತವೆ. ನಿರ್ಮಾಣದ ಪಾಠವನ್ನು ನೀವೇ ಅದರೊಳಗಿಂದ ಹೆಕ್ಕಿಕೊಳ್ಳಬೇಕು. ಪ್ರತಿ ವರ್ಷ ವಿದ್ಯಾರ್ಥಿಗಳ ನಾಟಕವೊಂದು ಆಗುತ್ತದಲ್ಲ, ಎಲ್ಲರೂ ಮುಖ್ಯ ಪಾತ್ರಕ್ಕೆ ಹೊಡೆದಾಡುವಾಗ ‘ಬಜೆಟ್ ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಿ. ಯಾರೂ ಅಡ್ಡ ಬರುವುದಿಲ್ಲ, ಅದು ಖಂಡಿತ.

ಇದಲ್ಲದೆ ಇಂಡಿಯಾ ಥಿಯೇಟರ್ ಫೋರಮ್ ‘ಸ್ಮಾರ್ಟ್’ ಹೆಸರಿನಲ್ಲಿ ರಂಗತಂಡಗಳ ನಿರ್ವಹಣೆಗೆಂದೇ ತರಬೇತಿ ರೂಪಿಸಿದೆ. ಪದವಿಯಲ್ಲ, ಆದರೆ ನಿಮ್ಮ ಹಾಗೆಯೇ ತಂಡ ನಡೆಸಿ ಸುಸ್ತಾದ ಬೇರೆ ಭಾಷೆಯವರ ಪರಿಚಯ ಆಗುತ್ತದೆ. ಎಂ.ಬಿ.ಎ. ಮಾಡಿ ರಂಗಭೂಮಿಗೆ ಬರಲೇ ಎಂದು ಕೇಳುವವರಿದ್ದಾರೆ. ಬನ್ನಿ, ಅಡ್ಡಿಯಿಲ್ಲ, ಆದರೆ ತಾಲೀಮಿನ ಕೋಣೆಯಲ್ಲಿ ಕೂತು ಅಭ್ಯಾಸವಿಲ್ಲದವರು ಇಪ್ಪತ್ತೊಂದನೇ ದಿನದ ತಾಲೀಮನ್ನು ‘ಅನಗತ್ಯ ಖರ್ಚು’ ಎಂದು ಹೊಡೆದುಹಾಕುತ್ತಾರೆ. ನಾಟಕ ನಿಲ್ಲುವುದೇ ಆ ದಿನಗಳಿಂದ.

ನೇರ ಎನ್‌ಎಸ್‌ಡಿಗೆ ಹೋದರೆ ಆಗದೇ?

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರಲ್ಲಿ ಶುರುವಾದದ್ದು, ಮೂರು ವರ್ಷದ ಡಿಪ್ಲೊಮಾ, ಪದವಿ ಆದಮೇಲಿನದು. ವಿದ್ಯಾರ್ಥಿವೇತನವೂ ಉಂಟು. ಸೀಟು ಬಹಳ ಕಡಿಮೆ, ಮತ್ತು ಅಲ್ಲಿ ನೀವು ತಯಾರಾಗುವುದು ನಟನಾಗಿ, ನಿರ್ದೇಶಕನಾಗಿ ಅಥವಾ ವಿನ್ಯಾಸಕನಾಗಿ. ನಿರ್ಮಾಪಕನಾಗಬೇಕೆನ್ನುವವರಿಗೆ ಅದು ಒಳ್ಳೆಯ ಅಡಿಪಾಯ, ಮನೆಯಲ್ಲ.

ಮೊದಲು ನೀನಾಸಂ ಮಾಡಬೇಕು ಎನ್ನುತ್ತಾರೆ. ನಿಜವೇ?

‘ಬೇಕು’ ಅಂತಿಲ್ಲ. ಆದರೆ ಶಿರಸಿ, ಸಿದ್ದಾಪುರದವರಿಗೆ ನೀನಾಸಂ ಎಂಬ ಈ ರಂಗಸಂಸ್ಥೆ ಇರುವ ಹೆಗ್ಗೋಡು ಪಕ್ಕದ ಮನೆಯಿದ್ದ ಹಾಗೆ, ಬಿಡುವುದು ದಡ್ಡತನ. 1949ರಲ್ಲಿ ಹುಟ್ಟಿದ ಸಂಸ್ಥೆ, ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಒಂದು ವರ್ಷದ ಡಿಪ್ಲೊಮಾ, ಪಾಠ ಕನ್ನಡದಲ್ಲಿ. ಮೈಸೂರಿನ ರಂಗಾಯಣದಲ್ಲೂ ಒಂದು ವರ್ಷದ ಕೋರ್ಸಿದೆ.

ನಿರ್ಮಾಪಕನ ಕಣ್ಣಿನಿಂದ ನೋಡಿದರೆ ಹೆಗ್ಗೋಡಿನಲ್ಲಿ ಕಲಿಯಲಿಕ್ಕಿರುವ ದೊಡ್ಡ ಪಾಠ 1985ರಲ್ಲಿ ಶುರುವಾದ ತಿರುಗಾಟ. ಒಂದೇ ತಂಡ, ಕೆಲವೇ ನಾಟಕ, ಒಂದು ವಾಹನದಲ್ಲಿ ಹಿಡಿಸುವ ರಂಗಸಜ್ಜಿಕೆ, ರಾಜ್ಯದ ಉದ್ದಗಲಕ್ಕೂ ಊರಿಂದ ಊರಿಗೆ. ಕರೆಸುವ ಊರಿನವರು ಪ್ರದರ್ಶನಕ್ಕೆ ಇಷ್ಟು ಎಂದು ಕೊಡುತ್ತಾರೆ, ಊಟ ವಸತಿ ನೋಡಿಕೊಳ್ಳುತ್ತಾರೆ. ಈ ಏರ್ಪಾಡನ್ನು ಕಟ್ಟಿದ ಕೆ.ವಿ. ಸುಬ್ಬಣ್ಣ ಅಡಿಕೆ ಬೆಳೆಗಾರರು. 1991ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ನಮ್ಮ ಜನರನ್ನು ಯಾವ ತಿಂಗಳು ಎಬ್ಬಿಸಬಹುದು, ಯಾವ ತಿಂಗಳು ಎಬ್ಬಿಸಬಾರದು ಎಂಬುದು ಅಡಿಕೆ ಬೆಳೆಗಾರನಿಗೆ ಗೊತ್ತಿರುವಷ್ಟು ಮ್ಯಾನೇಜ್‌ಮೆಂಟ್ ಪ್ರೊಫೆಸರರಿಗೆ ಗೊತ್ತಿರಲಾರದು. ಕೊನೆಕೊಯ್ಲು ಶುರುವಾಗಿ ಮನೆಮನೆಯಲ್ಲೂ ರಾತ್ರಿ ಅಡಿಕೆ ಸುಲಿಯುವ ಹೊತ್ತಿನಲ್ಲಿ ಟಿಕೆಟ್ ನಾಟಕ ಇಟ್ಟು ನಾನು ಒಮ್ಮೆ 43 ಟಿಕೆಟ್ ಮಾರಿದ್ದೇನೆ. ಅದರಲ್ಲಿ ಆರು ನಮ್ಮ ಮನೆಯವರದೇ.

ವಿದೇಶದಲ್ಲಿ ನಿರ್ಮಾಪಕರಿಗೆಂದೇ ಕೋರ್ಸು ಇದೆಯಂತೆ?

ಇದೆ. ಬ್ರಿಟನ್ನಿನಲ್ಲಿ ‘ಕ್ರಿಯೇಟಿವ್ ಪ್ರೊಡ್ಯೂಸಿಂಗ್’ ಎಂಬ ಹೆಸರಿನ ಎಂ.ಎ.ಗಳು ಸಾಮಾನ್ಯವಾಗಿ ಒಂದು ವರ್ಷದ್ದು. ಲಂಡನ್ನಿನ ನಾಟಕ ಶಾಲೆಗಳು ಇದನ್ನು ನಡೆಸುತ್ತವೆ. ಆ ಒಂದು ವರ್ಷದಲ್ಲೇ ಯಾವುದಾದರೂ ರಂಗಮಂದಿರದಲ್ಲೋ ನಿರ್ಮಾಣ ಸಂಸ್ಥೆಯಲ್ಲೋ ಕೆಲಸಕ್ಕೆ ಹಚ್ಚುತ್ತಾರೆ. ಕೋರ್ಸಿನ ನಿಜವಾದ ಬೆಲೆ ಅಲ್ಲಿದೆ. ಅರ್ಜಿ ಹಾಕುವ ಮೊದಲು ಆ ವರ್ಷ ಕೋರ್ಸು ನಡೆಯುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ.

ಅಮೆರಿಕದಲ್ಲಿ ಎಂ.ಎಫ್.ಎ. (ಲಲಿತಕಲೆಗಳ ಸ್ನಾತಕೋತ್ತರ ಪದವಿ), ಮೂರು ವರ್ಷ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಿಯೇಟರ್ ಮ್ಯಾನೇಜ್‌ಮೆಂಟ್ ಮತ್ತು ಪ್ರೊಡ್ಯೂಸಿಂಗ್ ಒಟ್ಟಿಗೇ ಇದೆ, ಬ್ರಾಡ್‌ವೇ ರಂಗಮಂದಿರಗಳಿರುವ ಊರಲ್ಲೇ. ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲಿ ಥಿಯೇಟರ್ ಮ್ಯಾನೇಜ್‌ಮೆಂಟ್ ಇದೆ; ದೊಡ್ಡ ದೇಣಿಗೆಯೊಂದು ಬಂದ ಮೇಲೆ 2021ರಿಂದ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಸೀಟು ಸಿಗುವುದು ಕಷ್ಟ, ಆದರೆ ‘ಅಲ್ಲೆಲ್ಲ ನಮಗೆ ಆಗೋದಲ್ಲ’ ಎಂದು ಅರ್ಜಿಯನ್ನೇ ಹಾಕದಿರುವುದಕ್ಕೆ ಶುಲ್ಕದ ನೆಪ ಮಾತ್ರ ಇನ್ನು ಸಲ್ಲದು.

ದುಡ್ಡು? ತೋಟ ಅಡವಿಡಬೇಕೇ?

ಬೇಡ. ಅಡವಿಟ್ಟರೂ ಅನೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಭದ್ರತೆಯಾಗಿ ಒಪ್ಪುವುದಿಲ್ಲ. ಅಪ್ಪಯ್ಯನವರು ಪಹಣಿ ಹಿಡಿದು ಬ್ಯಾಂಕಿಗೆ ಹೋಗುವ ಮೊದಲು ಇದನ್ನು ಕೇಳಿಕೊಳ್ಳಿ.

ಬ್ರಿಟನ್ನಿಗಾದರೆ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಖರ್ಚನ್ನು ಪೂರ್ತಿ ಭರಿಸುತ್ತದೆ. ಅದಕ್ಕೆ ಸುಮಾರು ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕು, ಓದು ಮುಗಿದ ಮೇಲೆ ಎರಡು ವರ್ಷ ದೇಶಕ್ಕೆ ವಾಪಸು ಬಂದಿರಬೇಕು. ಈ ಎರಡನೇ ಷರತ್ತು ಕೇಳಿ ಮುಖ ಸಣ್ಣ ಮಾಡುವವರು ಇಲ್ಲಿ ನಾಟಕ ಮಾಡಿಸಲು ಹೊರಟವರಲ್ಲ. ಇನ್‌ಲ್ಯಾಕ್ಸ್ ಪ್ರತಿಷ್ಠಾನ, ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟ್ ಕೂಡ ಕಲೆಯವರನ್ನು ಗಣಿಸುತ್ತವೆ. ಸಾಲ ಮಾಡಿಯೇ ಲಂಡನ್ನಿಗೆ ಹೋಗಿ ಇಲ್ಲಿಯ ಸಂಬಳದಲ್ಲಿ ತೀರಿಸುತ್ತೇನೆ ಎನ್ನುವವರಿಗೆ ನನ್ನ ಉತ್ತರ ನೇರ: ತೀರುವುದಿಲ್ಲ. ಹೋಗಬೇಡಿ.

ಅಂಥ ಕೋರ್ಸಿನಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ?

ಬಜೆಟ್, ಹಕ್ಕು, ಕರಾರು, ಪ್ರೇಕ್ಷಕರು, ದೇಣಿಗೆ, ತಿರುಗಾಟದ ಏರ್ಪಾಡು, ಸುರಕ್ಷತೆ. ಎಲ್ಲಕ್ಕೂ ಬೇರು ಬಜೆಟ್ಟೇ. ಅದನ್ನೊಂದು ಬಿಡಿಸಿ ಹೇಳುತ್ತೇನೆ. ಅಂಕಿಗಳು ಲೆಕ್ಕ ತಿಳಿಯಲಿಕ್ಕಾಗಿ ಹಾಕಿದವು.

ಖರ್ಚು ಎರಡು ಬಗೆ. ನಾಟಕ ಒಮ್ಮೆ ಎದ್ದು ನಿಲ್ಲುವವರೆಗಿನದು ಒಂದು: ರಂಗಸಜ್ಜಿಕೆ, ವಸ್ತ್ರ, ತಾಲೀಮಿನ ಚಹಾ ಅವಲಕ್ಕಿ, ನಿರ್ದೇಶಕರ ಸಂಭಾವನೆ, ಸಂಗೀತ. ಅದು 1,80,000 ರೂಪಾಯಿ ಅನ್ನೋಣ. ಪ್ರತಿ ಪ್ರದರ್ಶನಕ್ಕೂ ಆಗುವುದು ಇನ್ನೊಂದು: ಹಾಲ್ ಬಾಡಿಗೆ, ಬೆಳಕು, ಲಾರಿ, ನಟರ ಸಂಭಾವನೆ, ಊಟ. ಅದು 35,000. ಈಗ 300 ಕುರ್ಚಿಯ ಹಾಲಿನಲ್ಲಿ 150 ರೂಪಾಯಿ ಟಿಕೆಟ್ ಇಟ್ಟಿರಿ, 180 ಜನ ಬಂದರು. ‘ಹಾಲ್ ಚೆನ್ನಾಗಿ ತುಂಬಿತ್ತು’ ಎಂದು ಎಲ್ಲರೂ ಕೈ ಕುಲುಕಿದರು. ಬಂದದ್ದು 27,000. ಅಂದರೆ ಚಪ್ಪಾಳೆಯ ಜೊತೆ 8,000 ಕೈಬಿಟ್ಟಿತು, ಮತ್ತು ಮೊದಲಿನ 1,80,000 ಹಾಗೇ ಕುಳಿತಿದೆ. ಹೀಗೆ ಹತ್ತು ‘ಯಶಸ್ವಿ ಪ್ರದರ್ಶನ’ ಮಾಡಿದರೆ ತಂಡ ಮುಚ್ಚುತ್ತದೆ. ಆ ದಿನದ ಖರ್ಚಾದರೂ ಹುಟ್ಟಬೇಕಾದರೆ 234 ಟಿಕೆಟ್ ಹೋಗಬೇಕು. ಬದಲಿಗೆ ಊರಿನ ಸಂಘವೊಂದು 45,000 ಕೊಟ್ಟು ಕರೆಸಿದರೆ ಪ್ರತಿ ಸಲ 10,000 ಉಳಿಯುತ್ತದೆ. ಅಂಥ 18 ಪ್ರದರ್ಶನಕ್ಕೆ ಮೊದಲಿನ ಹಣ ವಾಪಸು. ಹತ್ತೊಂಬತ್ತನೆಯದರಿಂದ ಲಾಭ. ನಮ್ಮ ಹೆಚ್ಚಿನ ತಂಡಗಳು ಒಂದು ನಾಟಕವನ್ನು ಎಷ್ಟು ಸಲ ಆಡುತ್ತವೆ? ಎಣಿಸಿ ನೋಡಿ, ನಾನು ಹೇಳುವುದಿಲ್ಲ.

ಈ ಲೆಕ್ಕ ನಾಟಕ ಆರಿಸುವ ಮೊದಲೇ ಹಾಕಬೇಕು. ಹದಿನೆಂಟು ಪಾತ್ರದ ನಾಟಕ ಮತ್ತು ಆರು ಪಾತ್ರದ ನಾಟಕದ ನಡುವೆ ಲಾರಿಯಷ್ಟೇ ಅಲ್ಲ, ಊಟದ ಎಲೆಯೂ ವ್ಯತ್ಯಾಸ.

ಕಾರವಾರದಲ್ಲಿ ಟ್ಯಾಗೋರರ ನಾಟಕ ಮಾಡಿಸಬೇಕೆಂದಿದ್ದೇನೆ. ಯಾರ ಅನುಮತಿ ಬೇಕು?

ಒಳ್ಳೆಯ ಆಯ್ಕೆ. 1883ರಲ್ಲಿ ಅಣ್ಣ ಸತ್ಯೇಂದ್ರನಾಥ ಕಾರವಾರದಲ್ಲಿ ಜಡ್ಜ್ ಆಗಿದ್ದಾಗ ಬಂದು ಉಳಿದ ಇಪ್ಪತ್ತೆರಡರ ರವೀಂದ್ರರು ಇಲ್ಲಿ ನಾಟಕವೊಂದನ್ನು ಬರೆದರು. ಕಡಲತೀರಕ್ಕೆ ಅವರ ಹೆಸರಿಟ್ಟಿದ್ದೂ ಅದಕ್ಕೇ.

ಕೃತಿಸ್ವಾಮ್ಯದ ಪಾಠಕ್ಕೂ ಅವರೇ ಉದಾಹರಣೆ. ನಮ್ಮ 1957ರ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮೇಲೆ 50 ವರ್ಷ ಹಕ್ಕು ಇರುತ್ತಿತ್ತು. ಟ್ಯಾಗೋರರು ತೀರಿಕೊಂಡದ್ದು 1941. ಅವಧಿ ಮುಗಿಯುವ ಹೊತ್ತಿಗೆ ಅದನ್ನು 60 ವರ್ಷಕ್ಕೆ ಹೆಚ್ಚಿಸಿದರು. ಹಾಗಾಗಿ ಅವರ ಕೃತಿಗಳು ಮುಕ್ತವಾದದ್ದು 2001ರ ಕೊನೆಗೆ. ಮೂಲಕ್ಕೆ ಈಗ ಯಾರನ್ನೂ ಕೇಳಬೇಕಿಲ್ಲ. ಆದರೆ ನೀವು ಆಡುವುದು ಬಂಗಾಳಿಯಲ್ಲಲ್ಲವಲ್ಲ! ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ, ಅವರ 60 ವರ್ಷ ಬೇರೆ. ಹಾಡಿಗೆ ಹೊಸ ರಾಗ ಹಾಕಿದ್ದರೆ ಸಂಗೀತಗಾರರದು ಇನ್ನೂ ಬೇರೆ. ಒಪ್ಪಿಗೆ ಕಾಗದದಲ್ಲಿರಲಿ, ಎಷ್ಟು ಪ್ರದರ್ಶನಕ್ಕೆ, ಎಷ್ಟು ಗೌರವಧನ ಎಂದು ಬರೆದಿರಲಿ. ‘ಫೋನಲ್ಲಿ ಹೂಂ ಅಂದಿದ್ರು’ ಎಂಬುದು ಒಪ್ಪಿಗೆಯಲ್ಲ.

ಜಿಎಸ್‌ಟಿ, ಪೊಲೀಸ್ ಅನುಮತಿ ಎಂದರೆ ಹೆದರಿಕೆ ಆಗುತ್ತದೆ.

ಹೆದರಬೇಡಿ, ಮೊದಲೇ ಓದಿಕೊಳ್ಳಿ. ನಾಟಕದ ಪ್ರವೇಶ ದರ ಒಬ್ಬರಿಗೆ 500 ರೂಪಾಯಿ ಮೀರದಿದ್ದರೆ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ. ಜಾನಪದ, ಶಾಸ್ತ್ರೀಯ ಪ್ರಕಾರದ ಕಲಾವಿದರ ಪ್ರದರ್ಶನದ ಸಂಭಾವನೆಗೆ 1.5 ಲಕ್ಷದವರೆಗೆ ವಿನಾಯಿತಿ ಇದೆ. ಬಯಲಲ್ಲಿ ಆಡುವುದಾದರೆ ಸ್ಥಳೀಯ ಸಂಸ್ಥೆ, ಪೊಲೀಸ್ ಠಾಣೆ, ಮೈಕ್ ಪರವಾನಗಿ — ಮೂರೂ ಕಾಗದ ಹದಿನೈದು ದಿನ ಮೊದಲೇ ಕೈಲಿರಲಿ.

ಮೈಕಿನ ವಿಷಯ ಗಂಭೀರ. 2000ದ ಶಬ್ದ ಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಒಮ್ಮೆ ಕುಮಟೆಯಲ್ಲಿ ಬಯಲು ಪ್ರದರ್ಶನ, ಏಳಕ್ಕೆ ಶುರು ಎಂದು ಕರಪತ್ರ. ನಮ್ಮ ಲಾರಿ ದೇವಿಮನೆ ಘಟ್ಟದಲ್ಲಿ ಕೆಟ್ಟು ನಿಂತಿತು. ಪರದೆ ಎದ್ದದ್ದು ಎಂಟೂಮುಕ್ಕಾಲಿಗೆ. ಹತ್ತಕ್ಕೆ ಮೈಕ್ ಕಡಿದರು, ಕೊನೆಯ ಅಂಕವನ್ನು ನಟರು ಬರಿ ಗಂಟಲಲ್ಲಿ ಆಡಿದರು, ಹಿಂದಿನ ಸಾಲಿನವರು ಎದ್ದು ಮುಂದೆ ಬಂದು ನೆಲಕ್ಕೆ ಕೂತು ನೋಡಿದರು. ಜನ ಈಗಲೂ ಅದನ್ನು ಹೊಗಳುತ್ತಾರೆ. ತಪ್ಪು ನನ್ನದು: ಸಾಮಾನು ಹಿಂದಿನ ದಿನವೇ ಘಟ್ಟ ಇಳಿಯಬೇಕಿತ್ತು, ಒಂದು ರಾತ್ರಿಯ ವಸತಿ ಉಳಿಸಲು ಹೋಗಿದ್ದೆ.

ನಮ್ಮದು ಯಕ್ಷಗಾನ ಮೇಳ ನಡೆಸುವ ಮನೆ. ನಮಗೂ ಈ ಓದು ಬೇಕೇ?

ಯಜಮಾನಿಕೆ ನಿಮಗೆ ಮನೆಯಲ್ಲೇ ಬಂದಿದೆ. ವೀಳ್ಯ ಹಿಡಿಯುವುದು (ಆಟ ಒಪ್ಪಿಕೊಳ್ಳುವುದು), ಹರಕೆ ಆಟಕ್ಕೂ ಟಿಕೆಟ್ ಆಟಕ್ಕೂ ಬೇರೆ ಬೇರೆ ಲೆಕ್ಕ, ಯಾವ ಊರಿಗೆ ಯಾವ ಪ್ರಸಂಗ, ಯಾವ ಕಲಾವಿದರನ್ನು ಎದುರುಬದುರು ನಿಲ್ಲಿಸಿದರೆ ಜನ ಬೆಳಗಿನವರೆಗೆ ಕೂರುತ್ತಾರೆ, ಚೌಕಿಯ (ಬಣ್ಣದ ಮನೆಯ) ಜಗಳ ರಂಗಸ್ಥಳಕ್ಕೆ ಬಾರದಂತೆ ಹೇಗೆ ನೋಡಿಕೊಳ್ಳುವುದು. ಇದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸದು.

ಆದರೆ ಹೊರಗೆ ಹೋಗಿ ಬಂದದ್ದರಿಂದ ಮೇಳಕ್ಕೆ ಏನಾಗಬಹುದು ಎಂಬುದಕ್ಕೆ ಹೊನ್ನಾವರದ ಗುಣವಂತೆ ನೋಡಿ. ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ಮಗ ಶಂಭು ಹೆಗಡೆಯವರು ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದವರು. 1986ರಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಶುರುಮಾಡಿದರು. ಮೇಳದ ಜೊತೆಗೊಂದು ಶಾಲೆ ಎಂಬ ಯೋಚನೆ ಬಂದದ್ದೇ ಒಳ್ಳೆಯ ನಿರ್ಮಾಪಕನ ಯೋಚನೆ: ಇಪ್ಪತ್ತು ವರ್ಷದ ಮೇಲೆ ಹೆಜ್ಜೆ ಹಾಕುವವರು ಬೇಕಲ್ಲ. ನಿಮಗೆ ಓದಿನಿಂದ ಬೇಕಾದದ್ದು ಕಲೆಯಲ್ಲ, ಕಾಗದ: ಕಲಾವಿದರ ಜೊತೆ ಬರಹದ ಕರಾರು, ವಿಮೆ, ಯೂಟ್ಯೂಬಿನಲ್ಲಿ ಆಟ ಹರಿದಾಡಿದರೆ ಯಾರ ಹಕ್ಕು, ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನಕ್ಕೆ ಅರ್ಜಿ.

ಕಾರವಾರದ ಕೊಂಕಣಿಯವರು ನಾವು. ನಮ್ಮ ಮಾರುಕಟ್ಟೆ ಸಣ್ಣದಲ್ಲವೇ?

ಕಾಳಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋಗಿ ನೋಡಿ. 1892ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಕೊಂಕಣಿ ನಾಟಕ ಪ್ರಕಾರ ತಿಯಾತ್ರ್ ಗೋವಾದಲ್ಲಿ ಈಗಲೂ ಟಿಕೆಟ್ ಮೇಲೆ ಬದುಕಿದೆ. ಪಣಜಿಯಲ್ಲಿ 2016ರಿಂದ ಡಿಸೆಂಬರ್ ಹೊತ್ತಿಗೆ ಸೆರೆಂಡಿಪಿಟಿ ಕಲಾ ಉತ್ಸವ ನಡೆಯುತ್ತದೆ. ಬಸ್ಸಿನಲ್ಲಿ ಹೋಗಿ ಸ್ವಯಂಸೇವಕರಾಗಿ ನಿಂತರೂ ದೊಡ್ಡ ಉತ್ಸವದ ಒಳಗು ಕಾಣುತ್ತದೆ. ಕನ್ನಡ, ಕೊಂಕಣಿ, ಮರಾಠಿ ಮೂರೂ ಬರುವವನಿಗೆ ಮೂರು ಪ್ರೇಕ್ಷಕವರ್ಗ. ಬೆಂಗಳೂರಿನವರಿಗೆ ಇಲ್ಲದ ಭಾಗ್ಯ ಅದು.

‘ಅದ್ನ ಓದಿದ್ರೆ ಎಂತ ಕೆಲ್ಸ ಸಿಗ್ತು?’ (ಇದು ಆಯಿಯಂದಿರ ಪ್ರಶ್ನೆ.)

ಆಯಿ, ಸರಕಾರಿ ನೌಕರಿ ಎಂದುಕೊಂಡರೆ ಇಲ್ಲ. ರಂಗಮಂದಿರಗಳಲ್ಲಿ ಕಾರ್ಯಕ್ರಮ ನೋಡಿಕೊಳ್ಳುವ ಕೆಲಸ ಇದೆ: ಬೆಂಗಳೂರಿನ ರಂಗಶಂಕರ 2004ರಿಂದ ನಡೆಯುತ್ತಿದೆ, ಮುಂಬಯಿಯಲ್ಲಿ ಪೃಥ್ವಿ, ಎನ್‌ಸಿಪಿಎ. ತ್ರಿಶೂರಿನಂಥ ಕಡೆ ಅಂತರರಾಷ್ಟ್ರೀಯ ನಾಟಕೋತ್ಸವಗಳಿಗೆ ವರ್ಷ ವರ್ಷ ಜನ ಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನಂತಹ ಅನುದಾನ ಕೊಡುವ ಸಂಸ್ಥೆಗಳಿವೆ. ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ 2013ರ ಕಾಯ್ದೆಯ ಪಟ್ಟಿಯಲ್ಲಿ ಕಲೆಯೂ ಇದೆ. ಆ ಹಣ ರಂಗಭೂಮಿಗೆ ಬರುವಂತೆ ಅರ್ಜಿ ಬರೆಯಬಲ್ಲವರು ಕಡಿಮೆ. ನಮ್ಮಲ್ಲಿ ಇನ್ನೂ ಸಹಕಾರಿ ಸಂಘದ ಕಾರ್ಯದರ್ಶಿ ಮನೆಗೆ ಹೋಗಿ ಸ್ಮರಣ ಸಂಚಿಕೆಗೆ ಜಾಹೀರಾತು ಕೇಳುವುದೇ ಪದ್ಧತಿ. ಅದೂ ಇರಲಿ, ಬಿಡಬೇಡಿ.

ಮೊದಲ ನಾಲ್ಕೈದು ವರ್ಷ ಸಂಬಳ ಬ್ಯಾಂಕಿನ ಗುಮಾಸ್ತರಿಗಿಂತ ಕಡಿಮೆ. ಇದನ್ನು ಮುಚ್ಚಿಟ್ಟು ಯಾರ ಮಾಣಿಯನ್ನೂ ನಾನು ಕಳಿಸುವುದಿಲ್ಲ.

ಹುಡುಗಿಯರಿಗೆ ಈ ಕೆಲಸ ಸರಿಯೇ? ರಾತ್ರಿ ಹೊತ್ತು ಊರೂರು ತಿರುಗಬೇಕು.

ದಾವಣಗೆರೆಯ ಚಿಂದೋಡಿ ಲೀಲಾ ಅವರು ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಮುನ್ನಡೆಸಿದರು. ಗೇಟಿನ ಕಲೆಕ್ಷನ್ನಿಂದ ಮುಖ್ಯ ಪಾತ್ರದವರೆಗೆ ಅವರದೇ. ಹಾಗಾಗಿ ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಮುಗಿದಿದೆ. ಕೇಳಬೇಕಾದದ್ದು ಬೇರೆ: ತಂಡದಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಸತಿ ಇದೆಯೇ, ಆಟ ಮುಗಿದ ಮೇಲೆ ಮನೆ ಮುಟ್ಟಿಸುವ ವಾಹನ ಇದೆಯೇ, ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿದ್ದರೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ದೂರು ಸಮಿತಿ ಇದೆಯೇ? ‘ನಾವೆಲ್ಲ ಒಂದೇ ಕುಟುಂಬ, ಸಮಿತಿ ಯಾಕೆ’ ಎನ್ನುವ ತಂಡಕ್ಕೆ ಸೇರಬೇಡಿ. ನೀವೇ ನಿರ್ಮಾಪಕಿಯಾದರೆ ಮೊದಲ ಬಜೆಟ್ಟಿನಲ್ಲೇ ಆ ವಾಹನದ ಬಾಡಿಗೆ ಬರೆಯಿರಿ.

ವಯಸ್ಸು 34 ಆಯಿತು. ತಡವಾಯಿತೇ?

ನಟನೆಯ ಶಾಲೆಗೆ ತಡ, ಇದಕ್ಕಲ್ಲ. ಇಪ್ಪತ್ತೆರಡರವನಿಗೆ ಯಾರೂ ಹಾಲಿನ ಕೀಲಿ ಕೊಡುವುದಿಲ್ಲ.

ಅರ್ಜಿ ಹಾಕುವ ಮೊದಲು ಏನು ಮಾಡಬೇಕು?

ಎರಡು ಹಂಗಾಮು ಇಲ್ಲೇ ದುಡಿಯಿರಿ. ಯಾವುದಾದರೂ ತಂಡದ ಒಂದು ನಾಟಕವನ್ನು ಮೊದಲ ಓದಿನಿಂದ ಕೊನೆಯ ಬಿಲ್ಲಿನವರೆಗೆ ನೀವೊಬ್ಬರೇ ಹೊತ್ತು ಮುಗಿಸಿ. ಅಂದಾಜು ಬಜೆಟ್ ಒಂದು ಕಡೆ, ನಿಜವಾಗಿ ಆದ ಖರ್ಚು ಪಕ್ಕದಲ್ಲಿ, ಎಲ್ಲಿ ಯಾಕೆ ತಪ್ಪಿತು ಎಂದು ನಾಲ್ಕು ಸಾಲು. ಸಂದರ್ಶನದಲ್ಲಿ ‘ರಂಗಭೂಮಿಯೇ ನನ್ನ ಉಸಿರು’ ಎಂದವರು ನೂರು ಜನ ಬಂದಿರುತ್ತಾರೆ. ‘ಜನರೇಟರ್ ಡೀಸೆಲ್ಲಿಗೆ 1,200 ಅಂದಾಜಿಸಿದ್ದೆ, 3,400 ಆಯಿತು, ಯಾಕೆಂದರೆ’ ಎಂದು ಬಾಯಿ ತೆರೆದವರ ಕಡೆ ಎಲ್ಲರೂ ತಿರುಗಿ ನೋಡುತ್ತಾರೆ. ಕೈಯಲ್ಲಿ ಅಂಥ ಒಂದು ಲೆಕ್ಕವಿಲ್ಲದೆ ಓದಲು ಹೋದರೆ ಅಲ್ಲಿ ಹೇಳುವುದೆಲ್ಲ ಪರೀಕ್ಷೆಗೆ ಬರೆಯುವ ಟಿಪ್ಪಣಿಯಾಗುತ್ತದೆ; ಇದ್ದರೆ ಪ್ರತಿ ತರಗತಿಯಲ್ಲೂ ‘ಅಯ್ಯೋ, ಅಲ್ಲಿ ಹೀಗೆ ಮಾಡಬೇಕಿತ್ತು’ ಅನ್ನಿಸುತ್ತದೆ.

ನಿಮ್ಮನ್ನು ಬಂದು ಕಾಣಬಹುದೇ? ಶುಲ್ಕ ಎಷ್ಟು?

ಶುಲ್ಕವಿಲ್ಲ. ಆ ಲೆಕ್ಕದ ಹಾಳೆ ತನ್ನಿ, ಬಿಲ್ಲು ಸಮೇತ. ಕೊನೆಕೊಯ್ಲಿನ ತಿಂಗಳು ಮತ್ತು ಜಾತ್ರೆಯ ಒಂಬತ್ತು ದಿನ ಬಿಟ್ಟು ಯಾವಾಗ ಬೇಕಾದರೂ ಬನ್ನಿ. ಜಾತ್ರೆಯಲ್ಲಾದರೆ ಕಂಪನಿ ನಾಟಕದ ಗೇಟಿನ ಹತ್ತಿರ ಹುಡುಕಿ, ಅಲ್ಲೇ ಎಲ್ಲೋ ನಿಂತು ತಲೆ ಎಣಿಸುತ್ತಿರುತ್ತೇನೆ.